ಎರಡು ಮಾತೆಂದರೆ ನಲವತ್ತು ನಿಮಿಷ

ಹೋದ ವರ್ಷ ಒಂದು ಫಿಲ್ಮ್ ಫೆಸ್ಟಿವಲ್‌ನಲ್ಲಿ ನನ್ನ ಸಿನಿಮಾಕ್ಕೆ ನಾಲ್ಕು ಜನ ಪ್ರೇಕ್ಷಕರಿದ್ದರು. ಒಬ್ಬಳು ನಾನು. ಇನ್ನೊಬ್ಬರು ಪ್ರೊಜೆಕ್ಟರ್ ನೋಡಿಕೊಳ್ಳುವವರು. ಉಳಿದಿಬ್ಬರು ಮುಂದಿನ ಸಿನಿಮಾಕ್ಕೆ ಸೀಟು ಹಿಡಿದು, ಫ್ಯಾನಿನ ಕೆಳಗೆ ಸೊಗಸಾಗಿ ನಿದ್ದೆ ಹೊಡೆದರು.

ಕೊನೆಗೆ ‘ಎನಿ ಕ್ವೆಶ್ಚನ್ಸ್?’ ಎಂದು ನಾನೇ ಕೇಳಿದೆ. ಒಬ್ಬ ಕಣ್ಣುಬಿಟ್ಟು, ‘ಊಟಕ್ಕೆ ಎಷ್ಟೊತ್ತಿಗೆ ಬಿಡ್ತಾರೆ ಆಂಟಿ?’ ಎಂದ.

ನಗಬೇಡಿ. ರಿಟೈರ್ ಆದ ಮೇಲೆ ಕ್ಯಾಮೆರಾ ಹಿಡಿದ ನಂಜನಗೂಡಿನ ಇಂಗ್ಲಿಷ್ ಟೀಚರಮ್ಮನ ಸಿನಿಮಾ ನೋಡಲು ಯಾರು ಬರುತ್ತಾರೆ? ಸಣ್ಣ ಫೆಸ್ಟಿವಲ್‌ಗಳ ಪಾಡು ನನಗೆ ಚೆನ್ನಾಗಿ ಗೊತ್ತು. ಕುತ್ತಿಗೆಗೆ ಡೆಲಿಗೇಟ್ ಕಾರ್ಡ್ ನೇತುಹಾಕಿಕೊಂಡು ಒಬ್ಬಳೇ ಉಪ್ಪಿಟ್ಟು ತಿನ್ನಬೇಕು. ಗುಂಪಾಗಿ ಹರಟುವವರ ಪಕ್ಕ ನಿಂತು, ಯಾರದೋ ಜೋಕಿಗೆ ನಾನೂ ನಗಬೇಕು. ‘ಮಗನ ಸಿನಿಮಾ ಇದೆಯಾ ಮೇಡಂ?’ ಎಂದು ಕೇಳಿಸಿಕೊಳ್ಳಬೇಕು. (ನನಗೆ ಮಗನಿಲ್ಲ. ಸಿನಿಮಾ ಇದೆ.) ಆಮೇಲೆ ಲಾಡ್ಜಿನ ಕನ್ನಡಿಯ ಮುಂದೆ ನಿಂತು, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಪ್ರಾಕ್ಟೀಸ್ ಮಾಡಬೇಕು.

ಸಿನಿಮಾ ಇರುವುದು ಮೂವತ್ತೇ ನಿಮಿಷ. ಸೋಮನಾಥಪುರದ ಪುಟ್ಟಮಾದಮ್ಮ ಮತ್ತು ಆಕೆಯ ಹಸು ಗೌರಿಯ ಒಂದು ದಿನ. ಬೆಳಿಗ್ಗೆ ಹುಲ್ಲು ಕುಯ್ಯುವುದು, ಸಂಜೆ ಡೈರಿಗೆ ಹಾಲು ಹಾಕುವುದು, ನಡುವೆ ಇಬ್ಬರೂ ಜಗಳವಾಡುವುದು. ದಟ್ಸ್ ಆಲ್.

ಶೂಟಿಂಗ್ ಮುಗಿದ ಮರುವರ್ಷ ಗೌರಿ ಕಾಯಿಲೆ ಬಿದ್ದು ತೀರಿಕೊಂಡಿತು. ಆ ಊರಿನ ದೇವಸ್ಥಾನದ ಫೋಟೋ ತೆಗೆಯಲು ದೇಶವಿದೇಶದಿಂದ ಜನ ಬರುತ್ತಾರೆ. ಹಿಂದಿನ ಬೀದಿಯ ಗೌರಿಯದು ಒಂದೇ ಒಂದು ಫೋಟೋ ಇಲ್ಲ. ಅವಳು ಉಳಿದಿರುವುದು ನನ್ನ ಸಿನಿಮಾದಲ್ಲಿ ಮಾತ್ರ.

ಎಷ್ಟೋ ಊರಿನವರು ಅದನ್ನು ನೋಡಿದರು. (ನಿದ್ದೆ ಹೊಡೆದವರನ್ನು ಬಿಟ್ಟು.) ಪುಟ್ಟಮಾದಮ್ಮ ಮಾತ್ರ ನೋಡಿರಲಿಲ್ಲ. ಪಕ್ಕದ ಮನೆಯ ಟಿ.ವಿ.ಯಲ್ಲಿ ಹಾಕಿ ತೋರಿಸುತ್ತೇನೆಂದರೆ ಒಪ್ಪಲೇ ಇಲ್ಲ.

‘ಆ ಡಬ್ಬದೊಳ್ಗೆ ನಮ್ ಗೌರಿ ಇಡ್ಸುತ್ತಾ ಮೇಡಮ್ಮೋರೆ? ದೊಡ್ಡ ಪರದೆ ಮ್ಯಾಲೆ ತೋರ್ಸಿ. ಕಾಯ್ತೀನಿ.’

ಎರಡು ವರ್ಷ ಕಾದಳು. ಕೊನೆಗೂ ತಿ. ನರಸೀಪುರದ ಕೆಲವು ಸಿನಿಮಾ ಹುಚ್ಚಿನ ಮೇಷ್ಟರುಗಳು ಕಲ್ಯಾಣ ಮಂಟಪವೊಂದರಲ್ಲಿ ಒಂದು ದಿನದ ಫೆಸ್ಟಿವಲ್ ಇಟ್ಟುಕೊಂಡರು. ಹೋದ ಭಾನುವಾರ. ಎರಡಕ್ಕೆ ಉದ್ಘಾಟನೆ, ಮೂರಕ್ಕೆ ನನ್ನ ಸಿನಿಮಾ. ಪುಟ್ಟಮಾದಮ್ಮ ಒಂದೂವರೆಗೇ ಬಂದು, ಮುಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಮಡಿಕೆ ಕೂಡ ಬಿಚ್ಚಿಕೊಳ್ಳದ ಹೊಸ ಸೀರೆ.

‘ನಾಕೂವರೆ ಬಸ್ಗೆ ಓಯ್ತೀನಿ ಮೇಡಮ್ಮೋರೆ. ಗೌರಿ ಮಗ್ಳು ನನ್ ಕೈ ಬುಟ್ಟು ಬೇರೇರಿಗೆ ಆಲೇ ಕೊಡಾಕಿಲ್ಲ. ಡೈರಿಯೋರು ಆರ್ಗಂಟೆಗೆ ಬಾಗ್ಲಾಕ್ಬುಡ್ತರೆ.’

‘ಮೂರೂವರೆಗೆಲ್ಲ ಮುಗಿಯುತ್ತೆ ಪುಟ್ಟಮಾದಮ್ಮ. ಪ್ರಾಮಿಸ್,’ ಎಂದೆ.

ಪ್ರಾರ್ಥನೆಯಾಯಿತು. ಫ್ಯಾನ್ ಆರಿಸಿ, ದೀಪ ಹಚ್ಚಿ, ಫ್ಯಾನ್ ಹಾಕಿ, ದೀಪ ಆರಿದ್ದಾಯಿತು. ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ. ಸಂಘಟಕ ಶಿವರಾಜು ಮೇಷ್ಟರು ‘ಈಗ ನಿರ್ದೇಶಕಿಯವರಿಂದ ಎರಡು ಮಾತು’ ಎಂದಾಗ ಮೂರೂವರೆ ದಾಟಿತ್ತು.

ಐ ಮಸ್ಟ್ ಕನ್ಫೆಸ್. ‘ಸಿನಿಮಾನೇ ಹಾಕಿಬಿಡಿ’ ಎನ್ನಬಹುದಿತ್ತು. ಎನ್ನಲಿಲ್ಲ. ಎದುರಿಗೆ ಅರವತ್ತು ಮುಖಗಳು. ಅರವತ್ತೂ ಎಚ್ಚರವಾಗಿದ್ದವು! ನನ್ನನ್ನೇ ನೋಡುತ್ತಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ, ಕೊನೆಯ ಸಾಲಿಗೂ ಕೇಳುವಂತೆ ಶುರುಮಾಡಿದೆ. ಲಾಡ್ಜುಗಳ ಕನ್ನಡಿಗೆ ಹೇಳಿದ್ದೆಲ್ಲ ಹೊರಗೆ ಬಂತು. ಜನ ನಕ್ಕರು. ಮತ್ತಷ್ಟು ಹೇಳಿದೆ. ಶಿವರಾಜು ಮೇಷ್ಟರು ‘ಸಮಯ’ ಎಂದು ಬರೆದ ಚೀಟಿ ಸರಿಸಿದರು. ಅದನ್ನು ನೀರಿನ ಲೋಟದ ಕೆಳಗಿಟ್ಟೆ. ಎರಡನೆಯ ಚೀಟಿ ಬಂತು. ಅದನ್ನೂ ಅಲ್ಲೇ ಇಟ್ಟೆ.

ಪುಟ್ಟಮಾದಮ್ಮ ಎದ್ದಳು. ಬಾಗಿಲ ಹತ್ತಿರ ನಿಂತು, ಎರಡೂ ಮುಷ್ಟಿಗಳನ್ನು ಮೇಲೆ ಕೆಳಗೆ ಆಡಿಸಿ ಹಾಲು ಕರೆಯುವ ಸನ್ನೆ ಮಾಡಿದಳು. ನನಗೆ ಹೊಳೆಯಲಿಲ್ಲ. ನಾನೂ ಕೈಬೀಸಿ ಮುಂದುವರಿಸಿದೆ. ಆಗ ನಾನು ಮಾತಾಡುತ್ತಿದ್ದುದು ಸಿನಿಮಾದಲ್ಲಿ ಮೌನದ ಮಹತ್ವದ ಬಗ್ಗೆ.

ದೀಪಗಳು ಆರಿದಾಗ ನಾಲ್ಕು ಇಪ್ಪತ್ತು. ಪರದೆಯ ತುಂಬ ಗೌರಿ. ನೊಣ ಓಡಿಸಲು ಒಂದು ಕಿವಿ ಆಡಿಸುತ್ತಿತ್ತು. ಮುಂದಿನ ಸಾಲಿನ ಕಡೆ ತಿರುಗಿದೆ. ಕುರ್ಚಿ ಖಾಲಿ.

ಮುಗಿದಾಗ ಚಪ್ಪಾಳೆ ಬಿತ್ತು. ಒಬ್ಬರು ಎದ್ದು ‘ಆ ಹಸು ಯಾವ ತಳಿ ಮೇಡಂ?’ ಎಂದು ಕೇಳಿದರು.

ಮಂಗಳವಾರ ಯಾರದೋ ಸಿ.ಡಿ. ಪ್ಲೇಯರನ್ನು ಬ್ಯಾಗಿಗೆ ತುಂಬಿಕೊಂಡು, ಬಸ್ಸು ಬದಲಿಸುತ್ತ ಸೋಮನಾಥಪುರಕ್ಕೆ ಹೋದೆ. ಪುಟ್ಟಮಾದಮ್ಮ ಹುಲ್ಲಿನ ಹೊರೆ ಬಿಚ್ಚುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ತಪ್ಪಾಯ್ತು ಪುಟ್ಟಮಾದಮ್ಮ. ಮಾತು ನಿಲ್ಸಿ, ಸಿನಿಮಾ ಹಾಕಿ ಅಂತ ಅಲ್ಲೇ ಕೂಗಬಾರದಿತ್ತಾ?’

‘ಕೂಗವಾ ಅಂತ್ಲೇ ಎದ್ದೆ. ನಿಮ್ ಮೊಕ ನೋಡ್ದೆ. ಇಸ್ಕೂಲ್ ಮಕ್ಳು ಪದ್ಯ ಒಪ್ಸ್ದಂಗೆ ಒಪ್ಪುಸ್ತಿದ್ರಿ. ಪಾಪ, ಮನೇಲಿ ಒಬ್ರೇ ಇರ್ತರೆ, ಇವ್ರ್ ಮಾತ ಯಾರ್ ಕೇಳ್ತರೆ, ಆಡ್ಕಳ್ಳಿ ಬುಡು ಅಂದ್ಕಂಡು ಬಸ್ ಅತ್ತುದೆ.’

ಗೌರಿಯನ್ನು ನೋಡಲು ಎರಡು ವರ್ಷ ಕಾದವಳು, ನನ್ನ ಮಾತಿಗಾಗಿ ಅದನ್ನೇ ಬಿಟ್ಟುಕೊಟ್ಟಿದ್ದಳು. ನನಗೆ ಅದು ತಿಳಿಯಲು ಎರಡು ದಿನ, ಎರಡು ಬಸ್ಸು ಬೇಕಾಯಿತು.

‘ಡಬ್ಬದೊಳ್ಗೇ ಸರಿ, ನಡೀರಿ,’ ಎಂದಳು. ಪಕ್ಕದ ಮನೆಯ ಟಿ.ವಿ.ಗೆ ವೈರು ಸಿಕ್ಕಿಸಿದೆ. ಆಕೆ ಕೈ ತೊಳೆದು, ಸೆರಗಿನಿಂದ ಟಿ.ವಿ.ಯ ಧೂಳು ಒರೆಸಿ, ಅದರ ಮುಂದೆಯೇ ನೆಲದ ಮೇಲೆ ಕುಳಿತಳು.

‘ಈ ಶಾಟ್ ತೆಗೆದ ದಿನ ಏನಾಯ್ತು ಅಂದ್ರೆ ಪುಟ್ಟಮಾದಮ್ಮ...’ ಎಂದು ಶುರುಮಾಡಿದೆ.

‘ವಸಿ ಸುಮ್ಕಿರಿ ಮೇಡಮ್ಮೋರೆ,’ ಎಂದಳು, ಕಣ್ಣು ಕದಲಿಸದೆ. ‘ಗೌರಿ ಬತ್ತಾವ್ಳೆ.’

ಹೀಗೆ ‘ಸುಮ್ಕಿರಿ’ ಎನ್ನಲು ಮನೆಯಲ್ಲೊಬ್ಬರಿಲ್ಲದ ನಮ್ಮಂಥವರ ಕೈಗೆ ಯಾರಾದರೂ ಮೈಕ್ ಕೊಡುತ್ತಾರೆಯೇ?