ಕೆರೆಯ ಮೆಟ್ಟಿಲಿಗೆ ಹಾಕಿದ ಮುಳ್ಳು

ಇಂದು ಮುಂಜಾನೆ ಅಟ್ಟದಿಂದ ಎಣ್ಣೆ ಹೊಡೆಯುವ ಹಳೆಯ ಪಂಪನ್ನು ಇಳಿಸಿದಾಗ ಅದೇ ವಾಸನೆ ಬಂತು. ಹತ್ತಿಗೆ ಹೊಡೆಯುತ್ತಿದ್ದ ಕೀಟನಾಶಕದ್ದು. ಇಷ್ಟು ವರ್ಷವಾದರೂ ಹೋಗಿಲ್ಲ... ನನ್ನ ಮನೆಯವರು ತೀರಿಕೊಂಡು ತಿಂಗಳಾಯಿತು. ಅವರನ್ನು ನೆನೆದು ಅಳಬೇಕಾದ ನನಗೆ ನೆನಪಾದದ್ದು ಕೆರೆ ಕಾಯುತ್ತಿದ್ದ ಕಾಕಾ.

ನವಲಗುಂದ ತಾಲೂಕಿನ ನಮ್ಮೂರಲ್ಲಿ ಬಾವಿ ತೋಡಿದರೆ ಉಪ್ಪುನೀರು. ಎಂಬತ್ತರ ದಶಕದಲ್ಲಿ ಕುಡಿಯಲು ಇದ್ದದ್ದು ಆ ಕೆರೆಯೊಂದೇ. ಚಪ್ಪಲಿ ಒಡ್ಡಿನ ಕೆಳಗೇ ಬಿಡಬೇಕು. ಕೊಡ ಮುಳುಗಬೇಕು, ಕಾಲು ಮುಳುಗಬಾರದು. ಮದುವೆಯಾದ ಹೊಸದರಲ್ಲಿ ನನ್ನ ಕಾಲು ಜಾರಿ ನೀರಿಗೆ ಹೋದಾಗ ಕಾಕಾ ತುಂಬಿದ ಕೊಡ ಚೆಲ್ಲಿಸಿದ್ದ. "ಕಾಲುಂಗರ ತೊಳದ ನೀರು ನಿಮ್ಮ ಅತ್ತಿಗೆ ಕುಡಸ್ತಿಯೇನಬೇ?" ಎಂದಿದ್ದ. ಹೆಂಗಸರೆಲ್ಲ ನಕ್ಕಿದ್ದರು.

ಅಂಥ ಕೆರೆಯಲ್ಲಿ ನನ್ನ ಮನೆಯವರು ಪಂಪು ತೊಳೆದರು. ಹಳ್ಳದವರೆಗೆ ನಡೆಯಲು ಬೇಸರವಂತೆ! ಹೊಲದಿಂದ ಬುತ್ತಿ ಬುಟ್ಟಿ ಹೊತ್ತು ಹಿಂದೆಯೇ ಬರುತ್ತಿದ್ದೆ. ಬೇಡ ಅಂದೆ. "ಇಷ್ಟ ದೊಡ್ಡ ಕೆರಿಗೆ ಒಂದೀಟ ಎಣ್ಣಿ ಏನ ಮಾಡ್ತೈತಿ? ನಡಿ ನಡಿ" ಎಂದರು.

ಒಡ್ಡಿನ ಮೇಲೆ ಕಾಕಾ ನಿಂತಿದ್ದ. ಆ ದಿನ ಕೂಗಾಡಲಿಲ್ಲ. ಮುಳ್ಳಿನ ಜಾಲಿಕಂಟಿ ಎಳೆದು ತಂದು, ಯಾರೂ ನೀರು ಒಯ್ಯದಂತೆ ಮೆಟ್ಟಿಲಿಗೆಲ್ಲ ಅಡ್ಡ ಹಾಕಿದ. ಆಮೇಲೆ ಇವರಿಗೆ ಹೇಳಿದ, "ತಮ್ಮಾ, ನಾಳಿ ಮಂದಿ ಕೇಳ್ತಾರ. ನೀನ ಹೇಳು, ತಪ್ಪಾತು ಅನ್ನು, ಮುಗೀತು. ನಾ ಅಂತೂ ನಿನ್ನ ಹೆಸರು ಹೇಳಂಗಿಲ್ಲ. ಇದು ನನ್ನ ಮಾತು."

ಮರುದಿನ ಮೀನು ಸತ್ತು ತೇಲಿದವು. ಹಿರಿಯರು ಗುಡಿಯ ಕಟ್ಟೆಗೆ ಸೇರಿ ಕಾಕಾನನ್ನು ಕೇಳಿದರು. "ಮಾಡಿದಾಂವ ಇಲ್ಲೇ ಅದಾನ್ರಿ. ತಾನ ಹೇಳ್ತಾನ" ಎಂದು ಆತ ಕುಳಿತ. ಕುಳಿತೇ ಇದ್ದ... ಕೊನೆಗೆ ಇವರು ಬಾಯಿ ಬಿಟ್ಟರು. "ಹೆಸರು ಹೇಳವಲ್ಲ ಅಂದ್ರ ಇವನ ಏನರ ಮಾಡಿರಬೇಕ್ರಿ. ಕಾವಲಿಗೆ ಬ್ಯಾರೆ ಮಂದಿ ನೋಡೂಣು."

ನಾನು ಹೆಂಗಸರ ನಡುವೆ ಇದ್ದೆ. ಸೆರಗು ಎಳೆದುಕೊಂಡೆ, ಅಷ್ಟೇ.

ಕಾಕಾ ತನ್ನ ಕಾವಲಿನ ಬಡಿಗೆಯನ್ನು ಕಟ್ಟೆಯ ಮೇಲಿಟ್ಟು ಹೋದ. ಮತ್ತೆಂದೂ ಒಡ್ಡು ಹತ್ತಲಿಲ್ಲ. ಸಾಯುವತನಕ ಬಾವಿಯ ಉಪ್ಪುನೀರನ್ನೇ ಕುಡಿದ. ಆ ಹಟಕ್ಕೂ ನನಗೆ ಸಿಟ್ಟು ಬರುತ್ತಿತ್ತು. ಹೆಸರು ಹೇಳಿದ್ದರೆ ಏನಾಗುತ್ತಿತ್ತು? ಒಮ್ಮೆ ಕೇಳಿಯೂಬಿಟ್ಟೆ. "ನಾ ಮಾತು ಕೊಟ್ಟಿದ್ನೆವ್ವಾ. ಅಂವ ಕೊಟ್ಟಿದ್ದಿಲ್ಲ, ಬಿಡು" ಎಂದು ನಕ್ಕ. ಆತ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆತ ಸತ್ತಾಗ ಆ ಮನೆಗೆ ಹೋಗಿ ಅಳಲು ನನಗೆ ಮುಖವಿರಲಿಲ್ಲ.

ಇವರು ಕೆಟ್ಟ ಗಂಡನಲ್ಲ. ಇವರಿಲ್ಲದ ಮನೆ ನನಗೆ ಖಾಲಿಯೇ. ಆದರೆ ತಪ್ಪಾತು ಎಂಬ ಆ ಒಂದು ಮಾತು ಆಡಲು ಇವರಿಗೆ ಇಡೀ ಆಯುಷ್ಯ ಸಾಲಲಿಲ್ಲ... ಕೇಳಿದಾಗಲೆಲ್ಲ "ಹಳೇದ್ಯಾಕ ತಗೀತಿ" ಎನ್ನುತ್ತಿದ್ದರು.

ಪಂಪು ಪಡಸಾಲೆಗೆ ತಂದಿಡುವಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಮಾತಾಡಿಸಲು ಬಂದರು. "ನಿನ್ನ ಗಂಡ ಅಗದಿ ನ್ಯಾಯದ ಮನಷ್ಯಾ ನೋಡವ್ವಾ. ಬಾಯಾಗ ಒಂದ ಸುಳ್ಳು ಬರ್ತಿದ್ದಿಲ್ಲ" ಎಂದರು.

ವಾಸನೆ ಇನ್ನೂ ನನ್ನ ಕೈಯಲ್ಲೇ ಇತ್ತು. ಸೆರಗು ಎಳೆದುಕೊಂಡು "ಹೌದ್ರಿ" ಎಂದೆ.