ಶಿವಾ ಅನ್ನಲು ಒಂದು ಸೆಟ್ಟು ಹಲ್ಲು

ಹಲ್ಲಿನ ಸೆಟ್ಟು ಕಟ್ಟುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಬಾಯಿಯ ಅಚ್ಚು ತೆಗೆಯುವುದು, ಮೇಣದಲ್ಲಿ ಹಲ್ಲು ಜೋಡಿಸುವುದು, ಸರಿಬರದಿದ್ದರೆ ಕಿತ್ತು ಮತ್ತೆ ಜೋಡಿಸುವುದು. ನನ್ನ ವಿದ್ಯಾರ್ಥಿಗಳು ಕೊನೆಯದನ್ನೇ ಹೆಚ್ಚು ಮಾಡಿದ್ದು, ಏಕೆಂದರೆ ಕಿತ್ತುಹಾಕುತ್ತಿದ್ದವಳು ನಾನು. ನನ್ನ ಸಿಟ್ಟು ಕಾಲೇಜಿಗೆಲ್ಲ ಗೊತ್ತಿತ್ತು.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ಹುಡುಗರನ್ನು ಕಟ್ಟಿಕೊಂಡು ಗಡಿಯಾಚೆಯ ಕನ್ನಡದ ಹಳ್ಳಿ ಮುಚ್ಚಂಡಿಗೆ ಹಲ್ಲಿನ ಶಿಬಿರಕ್ಕೆಂದು ಹೋದೆ. ರಜೆಯಾದ್ದರಿಂದ ಶಾಲೆಯ ಎರಡು ಕೋಣೆ ನಮಗೆ ಸಿಕ್ಕವು. ಒಂದರಲ್ಲಿ ರೋಗಿಗಳ ಕುರ್ಚಿ. ಇನ್ನೊಂದರಲ್ಲಿ ಸೆಟ್ಟನ್ನು ಕೊನೆಗೆ ನೀರಲ್ಲಿ ಕುದಿಸಿ ಗಟ್ಟಿಮಾಡುವ ಸ್ಟೋವು, ಮೇಣ, ಅಚ್ಚು ಎರೆಯುವ ಬಿಳಿ ಪ್ಲಾಸ್ಟರಿನ ಚೀಲ. ಕುಣಿಕೋಣೂರಿನಿಂದ, ಬಾಲಗಾಂವದಿಂದ ಮೊದಲ ಬಸ್ಸಿಗೇ ಜನ ಬಂದು ಇಳಿಯುತ್ತಿದ್ದರು. ಎಲ್ಲರಿಗೂ ರೊಟ್ಟಿ ಅಗಿಯಬೇಕಾಗಿತ್ತು.

ಊರಿನ ಕಿರಾಣಿ ಅಂಗಡಿಯ ಮನೆಯ, ಎಲ್ಲರೂ ಆಯಿ ಅನ್ನುತ್ತಿದ್ದ ಮುದುಕಿಗೆ ಮಾತ್ರ ಬೇರೆಯೇ ಬೇಕಾಗಿತ್ತು. ಕೊರಳಲ್ಲಿ ಲಿಂಗ, ಹಣೆತುಂಬ ವಿಭೂತಿ, ಬಾಯಲ್ಲಿ ಒಂದೂ ಹಲ್ಲಿಲ್ಲ.

"ರೊಟ್ಟಿ ಹಾಲಾಗ ನೆನಸಿ ತಿಂತೀನ್ರಿ ಬಾಯಾರ, ಅದಕ್ಕೇನ ತ್ರಾಸಿಲ್ಲ," ಎಂದರು. "ಪೂಜಿಗೆ ಕುಂತಾಗ ಶಿವಾ ಅನ್ನಾಕ ಬರವಲ್ದು. ಬರೇ ಗಾಳಿ ಹೋಗತೈತಿ. ಸಾಯೂದರಾಗ ಆ ಹೆಸರ ಒಮ್ಮಿ ನೆಟ್ಟಗ ಬರಬೇಕ್ರಿ."

ಅವರನ್ನು ಕೊಂಕಣದ ಕಡೆಯ ಒಬ್ಬ ಮೆತ್ತಗಿನ ಹುಡುಗನಿಗೆ ಒಪ್ಪಿಸಿದೆ. "ಬರ್ರಿ, ಕುಂದ್ರಿ, ಬಾಯಿ ತಗೀರಿ" ಎನ್ನುವಷ್ಟು ಕನ್ನಡ ಅವನಿಗೆ ಬರುತ್ತಿತ್ತು. ಮಿಕ್ಕಿದ್ದಕ್ಕೆ ಆಯಿಗೆ ಮರಾಠಿ ಬರುತ್ತಿತ್ತು. ಶ ಅನ್ನುವಾಗ ನಾಲಿಗೆಗೂ ಮೇಲಿನ ಹಲ್ಲುಗಳ ಹಿಂಬದಿಗೂ ನಡುವೆ ಒಂದು ಸಣ್ಣ ಸಂದಿ ಬೇಕು. ಅದು ಹೆಚ್ಚಾದರೆ ಗಾಳಿ, ಕಡಿಮೆಯಾದರೆ ಸೀಟಿ. ಮೇಣದ ಸೆಟ್ಟನ್ನು ಬಾಯಲ್ಲಿಟ್ಟು ನೋಡಿದಾಗ ಆಯಿಯ ಶಿವ ಸೀಟಿ ಹೊಡೆದ. ಉಳಿದ ಹುಡುಗರು ಕಿಸಕ್ಕನೆ ನಕ್ಕರು. ಅವರನ್ನು ಗದರಿಸಿ ಹೊರಗಟ್ಟಿದೆ, ಸೆಟ್ಟಿನ ಹಲ್ಲುಗಳನ್ನು ಕಿತ್ತುಹಾಕಿದೆ.

ಮರುದಿನ ಆಯಿ ಒಳಗಿನ ಕೋಣೆಗೆ ಇಣುಕಿದವರು ಪ್ಲಾಸ್ಟರಿನ ಚೀಲದ ಮುಂದೆ ನಿಂತುಬಿಟ್ಟರು. ಹೊಲಕ್ಕೆ ಹಾಕುವ ಎಲುಬಿನ ಗೊಬ್ಬರವೂ ಅಂಥದ್ದೇ ಚೀಲದಲ್ಲಿ ಬರುತ್ತಿತ್ತು.

"ಎಲುಬಿಲೇ ಹಲ್ಲ ಮಾಡ್ತೀರೇನ್ರಿ? ಎಲುಬ ಬಾಯಾಗ ಇಟ್ಕೊಂಡು ಶಿವನ ಹೆಸರ ಹೆಂಗ ತಗೀಲಿ?"

ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟೇ ಹೋದರು. ನಾನು ಹುಡುಗನ ಮೇಲೆ ಹರಿಹಾಯ್ದೆ. ಇಷ್ಟು ದಿನ ಅವರ ಬಾಯೊಳಗೆ ಕೈಯಾಡಿಸಿದವನಿಗೆ ಇದೆಲ್ಲ ಏನೆಂದು ಒಂದು ಮಾತು ಹೇಳಲು ಬರಲಿಲ್ಲವೇ ಎಂದೆ. ಅವನು ಒಂದು ಬಟ್ಟಲಲ್ಲಿ ಪ್ಲಾಸ್ಟರು, ಒಂದು ಹಲ್ಲು, ಒಂದು ಚಿಮಟ ತೆಗೆದುಕೊಂಡು ಆಯಿಯ ಮನೆಯ ದಾರಿ ಹಿಡಿದ. ನಾನೂ ಹಿಂದೆಯೇ ಹೋದೆ.

ಅವರ ಮನೆಯ ಕಟ್ಟೆಯ ಮೇಲೆ ಕೂತು, ಅವರದೇ ತಂಬಿಗೆಯ ನೀರು ಹಾಕಿ ಪ್ಲಾಸ್ಟರು ಕಲಸಿದ. ಸ್ವಲ್ಪ ಹೊತ್ತಿಗೆ ಅದು ಗಟ್ಟಿಯಾಯಿತು. ಮುಟ್ಟಿ ನೋಡಿ ಎಂದು ಬಟ್ಟಲನ್ನು ಮುಂದೆ ಹಿಡಿದ.

"ಅಯ್ಯಯ್ಯ, ಬೆಚ್ಚಗಾಗೇತಲ್ಲೋ!" ಎಂದರು ಆಯಿ.

ಎಲುಬಿನ ಪುಡಿ ಹೀಗೆ ಕಲ್ಲಾಗುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದ. ಆಯಿ ಉಗುರಿನಿಂದ ಕೆರೆದು ನೋಡಿ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಹಲ್ಲನ್ನು ಚಿಮಟದಲ್ಲಿ ಹಿಡಿದು, ಒಲೆಯಿಂದ ತರಿಸಿದ ಕೆಂಡಕ್ಕೆ ತಾಗಿಸಿದ. ಹಲ್ಲು ಮೆತ್ತಗಾಯಿತು, ಬಗ್ಗಿತು, ಗುಳ್ಳೆ ಎದ್ದಿತು. ಎಲುಬಾಗಿದ್ದರೆ ಕರಿದಾಗುತ್ತಿತ್ತೇ ಹೊರತು ಹೀಗೆ ಮೆತ್ತಗಾಗುತ್ತಿರಲಿಲ್ಲ. ಆಗ ಕಣ್ಣಿಗೆ ಬಿತ್ತು ನನಗೆ, ಅದು ಆಯಿಯ ಸೆಟ್ಟಿನದೇ ಮುಂದಿನ ಹಲ್ಲು!

"ಅಯ್ಯೋ ಪುಣ್ಯಾತ್ಮ, ಸೆಟ್ಟೇ ಹಾಳು ಮಾಡಿದೆಯಲ್ಲೋ!" ಎಂದು ಚೀರಿದೆ.

"ಬೈಬ್ಯಾಡ್ರಿ ಬಾಯಾರ. ನನ್ನ ಹಲ್ಲ, ನನ್ನ ಮುಂದ ಸುಟ್ಟಾನ, ನಿಮಗ್ಯಾಕ ಉರಿ?" ಎಂದು ಆಯಿ ಸೆರಗು ಸರಿಸಿ ಬೊಚ್ಚುಬಾಯಿ ತುಂಬ ನಕ್ಕರು. "ಆದರ ಕುದಿಸೂದು ನಮ್ಮ ಪಾತೇಲಿಯೊಳಗ. ನೀರೂ ನಮ್ಮನಿದ."

ಹಾಗೆಯೇ ಆಯಿತು. ಹೊಸ ಹಲ್ಲುಗಳ ಇನ್ನೊಂದು ಪೊಟ್ಟಣ ಒಡೆದು ಮುಂದಿನ ಹಲ್ಲು ಹೊಂದಿಸಿದ ಹುಡುಗ, ಮತ್ತೆ ಮೇಣದಲ್ಲಿಟ್ಟು ನೋಡಿ, ಹಿಂಬದಿಯನ್ನು ತೆಳುಮಾಡಿದ. ಕುದಿಸುವ ದಿನ, ಯಾರೂ ಹೇಳದೆಯೇ, ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದ.

ಸೆಟ್ಟು ಕೊಡುವ ದಿನ ಆಯಿ ಬಾಯಿ ಮುಕ್ಕಳಿಸಿ ಬಂದು ಕೂತರು. ಹುಡುಗ ಮೇಲಿನದನ್ನು ಇಟ್ಟ, ಕೆಳಗಿನದನ್ನು ಇಟ್ಟ. ಆಯಿ ನಮ್ಮ ಕಡೆ ನೋಡಲೂ ಇಲ್ಲ. ಕುರ್ಚಿಯಿಂದೆದ್ದು ಗೋಡೆಗೆ ಮುಖಮಾಡಿ ನೆಲಕ್ಕೆ ಕೂತರು, ಲಿಂಗವನ್ನು ಎಡ ಅಂಗೈಯಲ್ಲಿ ತೆಗೆದುಕೊಂಡರು.

"ಶಿವಾ."

ಗಾಳಿಯಿಲ್ಲ, ಸೀಟಿಯಿಲ್ಲ. ನನಗೋ ಕಲಿಸುವವಳ ಚಾಳಿ. "ಇನ್ನೊಮ್ಮೆ ಅನ್ರಿ ಆಯಿ, ಸ್ವಲ್ಪ ಜೋರಾಗಿ," ಎಂದೆ.

ಅವರು ತಿರುಗದೆಯೇ ಹೇಳಿದರು: "ನಿಮಗ ಅಂದದ್ದಲ್ರಿ ಅದು."

ಇಬ್ಬರೂ ಸದ್ದಿಲ್ಲದೆ ಹೊರಗೆ ಬಂದು ಅಂಗಳದಲ್ಲಿ ನಿಂತೆವು. ಒಳಗಿಂದ ಮತ್ತೆ ಮತ್ತೆ ಕೇಳುತ್ತಲೇ ಇತ್ತು, ಶಿವಾ, ಶಿವಾ. ಹುಡುಗ ಪ್ರತಿ ಸಲವೂ ಕಿವಿಗೊಟ್ಟು ಕೇಳುತ್ತಿದ್ದ, ಎಲ್ಲಾದರೂ ತಪ್ಪಿದೆಯೋ ಎಂದು. ಆಮೇಲೆ ಅಂಜುತ್ತಲೇ ನನ್ನ ಮುಖ ನೋಡಿದ.

"ಇದನ್ನ ಕೀಳೋದಿಲ್ಲ ಬಿಡು," ಎಂದೆ.