ಬೆಳ್ಳಿಯ ಹೊಟ್ಟೆಗೆ ಹೆಪ್ಪು

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಕಳೆದ ಭಾನುವಾರ ಬೆಳಗ್ಗೆ ಗುಬ್ಬಿಯ ಒಂದು ಮಟನ್ ಅಂಗಡಿಯ ಕ್ಯೂನಲ್ಲಿ ನಿಂತಿದ್ದೆ. ಕೈಯಲ್ಲಿ ಎರಡು ದೊಡ್ಡ ಸ್ಟೀಲ್ ಫ್ಲಾಸ್ಕ್. ಹೆಗಲ ಮೇಲೆ ಒಗೆದ ಹಳೇ ಪಂಚೆ.

"ಏನ್ ಕೊಡ್ಲಿ ಅಕ್ಕ? ತೊಡೆನಾ, ಚಾಪ್ಸಾ?"

"ಹೊಟ್ಟೆ ಒಳಗಿರೋದು ಬೇಕಿತ್ತು."

"ಬೋಟಿನಾ?"

"ಬೋಟಿ ಅಲ್ಲ. ಕುರಿ ಮೇದಿರುತ್ತಲ್ಲ, ಆ ಹುಲ್ಲು. ಅದರ ರಸ."

ಅಂಗಡಿಯವನು ಕತ್ತಿ ಕೆಳಗಿಟ್ಟ. ಕ್ಯೂ ಪೂರ್ತಿ ನನ್ನ ಕಡೆ ತಿರುಗಿತು. "ಅದನ್ನ ತಿಪ್ಪೆಗೆ ಎಸೀತೀವಿ ಕಣಕ್ಕ. ತಗೊಂಡೋಗಿ ಏನ್ ಮಾಡ್ತೀರಾ?"

"ಯೂಟ್ಯೂಬ್‌ನಲ್ಲಿ ಯಾವ್ದೋ ಹೊಸ ರೆಸಿಪಿ ಬಂದಿರ್ಬೇಕು, ಕೊಟ್ಬಿಡೋ," ಎಂದರು ಹಿಂದೆ ನಿಂತಿದ್ದವರೊಬ್ಬರು. ಎಲ್ಲರೂ ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ, ಅಮ್ಮನ ಅಕ್ಕ. ಅವರದು ಒಂದೇ ಹಸು, ಹೆಸರು ಬೆಳ್ಳಿ. ಆ ವಾರ ಪಕ್ಕದ ಬೀದಿಯಲ್ಲಿ ಗೃಹಪ್ರವೇಶ ಇತ್ತು. ಅನ್ನ, ಪಾಯಸ, ಸಿಹಿ ಪೊಂಗಲ್ ರಾಶಿ ಉಳಿಯಿತು. ಚೆಲ್ಲುವುದಕ್ಕೆ ಯಾರಿಗೆ ಮನಸ್ಸು ಬರುತ್ತೆ? ಹಸುವಿನ ಬಾಯಿಗೆ ಬಿದ್ದರೆ ಪುಣ್ಯವಾದರೂ ಬರಲಿ ಎಂದು ಬಕೆಟ್‌ಗಟ್ಟಲೆ ತಂದುಕೊಟ್ಟರು. ದಿನಾ ಕಲಗಚ್ಚು ಕುಡಿಯುವ ಹಸು, ಅನ್ನ ತಿಂದರೆ ಏನಾದೀತು ಎಂದುಕೊಂಡು ದೊಡ್ಡಮ್ಮ ಅಷ್ಟನ್ನೂ ಮುಂದೆ ನಿಂತು ತಿನ್ನಿಸಿದರು.

ಮಾರನೆಯ ದಿನ ಬೆಳ್ಳಿ ಏಳಲಿಲ್ಲ. ಮೇವು ಮೂಸಲಿಲ್ಲ. ಮೆಲುಕು ನಿಂತುಹೋಯಿತು.

ಪಶು ಆಸ್ಪತ್ರೆಯ ಡಾಕ್ಟರು ಬಂದು ಡ್ರಿಪ್ ಹಾಕಿದರು, ಅಡುಗೆ ಸೋಡಾ ಕದಡಿ ಕುಡಿಸಿದರು. ಅಷ್ಟು ಅನ್ನ ಒಟ್ಟಿಗೆ ಹೋಗಿ ಹೊಟ್ಟೆ ಪೂರ್ತಿ ಹುಳಿಯಾಗಿತ್ತು. ಹುಳಿ ಇಳಿಯಿತು. ಮೆಲುಕು ಮಾತ್ರ ಬರಲಿಲ್ಲ. ಶನಿವಾರ ನಾನು ತುಮಕೂರಿನಿಂದ ಫೋನ್ ಮಾಡಿದಾಗ ದೊಡ್ಡಮ್ಮ ಹೇಳಿದ್ದು ಒಂದೇ ಮಾತು: "ನಾನೇ ತಿನ್ನಿಸ್ದೆ ಕಣೇ." ಆಮೇಲೆ ಫೋನನ್ನು ಡಾಕ್ಟರ ಕೈಗೆ ಕೊಟ್ಟರು.

ಡಾಕ್ಟರು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಮೇಡಂ, ಹಸು ಹುಲ್ಲು ತಿನ್ನುತ್ತೆ ಅಂತೀವಿ. ನಿಜ ಅಂದ್ರೆ ಹುಲ್ಲಿನ ನಾರು ಕರಗಿಸೋದು ಹಸುಗೆ ಗೊತ್ತೇ ಇಲ್ಲ. ಒಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರ್ತವೆ, ಅವು ಕರಗಿಸ್ತವೆ. ಬೆಳ್ಳಿ ಬದುಕಿದೆ. ಒಳಗಿದ್ದವು ಸತ್ತಿವೆ."

"ಔಷಧಿ ಇಲ್ವಾ?"

"ಮೊಸರು ಮಾಡೋಕೆ ಏನ್ ಬೇಕು? ಹೆಪ್ಪು ತಾನೇ? ಇದಕ್ಕೂ ಹೆಪ್ಪೇ ಬೇಕು. ಇನ್ನೊಂದು ಹೊಟ್ಟೆಯಿಂದ ತಂದು ಹಾಕ್ಬೇಕು."

ಅವರ ಹಸುವಿನ ಹೊಟ್ಟೆಯಿಂದ ತೆಗೆಯಬಹುದೇ ಎಂದು ಡಾಕ್ಟರು ಎದುರು ಮನೆಯವರನ್ನು ಕೇಳಿದ್ದರಂತೆ. "ಹಾಲು ಕರೆಯೋ ಹಸು ಗಂಟಲಿಗೆ ಪೈಪ್ ಇಳಿಸ್ತೀರಾ? ಬ್ಯಾಡ ಬುಡಿ ಸಾ," ಎಂದರಂತೆ ಅವರು. ಉಳಿದದ್ದು ಮಟನ್ ಅಂಗಡಿ. ದನವೂ ಕುರಿಯೂ ಎರಡೂ ಮೆಲುಕು ಹಾಕುವ ಜಾತಿ. ಹೆಪ್ಪು ಕೂಡುತ್ತೆ, ಎಂದರು ಡಾಕ್ಟರು.

ಅಂಗಡಿಯವನಿಗೆ ಇದನ್ನೆಲ್ಲ ಹೇಳಿದೆ. ನಗು ನಿಂತಿತು. ಆಗಷ್ಟೇ ಕೊಯ್ದ ಕುರಿಗಳ ಹೊಟ್ಟೆಯಿಂದ ಹುಲ್ಲನ್ನು ಅವನೇ ನನ್ನ ಪಂಚೆಗೆ ತುಂಬಿ ಹಿಂಡಿಕೊಟ್ಟ. ಕಡು ಹಸಿರು ರಸ, ಹಬೆಯಾಡುತ್ತಿತ್ತು. ಬಿಸಿನೀರು ಹಾಕಿ ಬೆಚ್ಚಗಾಗಿಸಿದ್ದ ಎರಡೂ ಫ್ಲಾಸ್ಕಿಗೆ ಕಂಠಮಟ್ಟ ತುಂಬಿ ಮುಚ್ಚಳ ಬಿಗಿದೆ. ತಣ್ಣಗಾಗಬಾರದು, ಗಾಳಿಯೂ ಸೇರಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ದುಡ್ಡು ಕೊಡಲು ಹೋದರೆ ಅವನು ಕೈ ಹಿಂದೆಳೆದುಕೊಂಡ. "ತಿಪ್ಪೆಗೆ ಹೋಗೋದಕ್ಕೆ ಏನ್ ಇಸ್ಕೊಳ್ಳಲಿ? ಹಸು ಎದ್ಮೇಲೆ ಒಂದ್ ಮಾತ್ ಹೇಳಿ, ಸಾಕು."

ಸಿ.ಎಸ್. ಪುರ ತಲುಪಿದಾಗ ಡಾಕ್ಟರು ಮೊದಲು ಆಸ್ಪತ್ರೆಗೆ ಕರೆದರು. ಜೀವ ಇದೆಯೋ ಇಲ್ಲವೋ ನೋಡಬೇಕಲ್ಲ? ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪ್ ಸರಿಮಾಡಿ, "ನೋಡಿ" ಎಂದರು.

ಮೊದಲು ಬರೀ ಬೆಳಕು ಕಂಡಿತು. ಆಮೇಲೆ ಆ ಬೆಳಕೆಲ್ಲ ಚಲಿಸತೊಡಗಿತು. ಮೊಟ್ಟೆಯಾಕಾರದವು, ಮೈತುಂಬ ನವಿರು ಕೂದಲಿನಂಥ ಅಂಚು. ಓಡುತ್ತಿದ್ದವು, ಡಿಕ್ಕಿ ಹೊಡೆಯುತ್ತಿದ್ದವು, ಹಿಂದಕ್ಕೆ ಸರಿದು ಮತ್ತೆ ಓಡುತ್ತಿದ್ದವು. ಕೆಲವು ಹುಲ್ಲಿನ ಎಳೆಗೆ ಮುಖವಿಟ್ಟು ಅಲ್ಲೇ ತಿರುಗುತ್ತಿದ್ದವು. ತುಮಕೂರಿನ ಶಿರಾ ಗೇಟಿನ ಸಂಜೆಯ ಟ್ರಾಫಿಕ್ಕನ್ನು ಯಾರೋ ಒಂದು ಹನಿಯೊಳಗೆ ಇಳಿಸಿದ ಹಾಗಿತ್ತು. (ಹಾರ್ನ್ ಒಂದಿರಲಿಲ್ಲ.)

"ನಿಮಗೆ ಕಾಣ್ತಿರೋದು ದೊಡ್ಡವು," ಎಂದರು ಡಾಕ್ಟರು. "ಅವುಗಳ ಮೈಗೆ ಅಂಟ್ಕೊಂಡು, ಕೆಲವು ಮೈಯೊಳಗೇ ಸೇರ್ಕೊಂಡು, ಇನ್ನೂ ಚಿಕ್ಕವು ಇರ್ತವೆ. ಮೀಥೇನ್ ಮಾಡೋವು. ಅವನ್ನು ಈ ಮೈಕ್ರೋಸ್ಕೋಪಿನಲ್ಲಿ ಬೇರೆಯಾಗಿ ಗುರುತಿಸೋಕಾಗಲ್ಲ."

ಅವುಗಳಿಗೇನು ಕೆಲಸ? ಹುಲ್ಲನ್ನು ಒಡೆಯುವಾಗ ದೊಡ್ಡವು ಹೈಡ್ರೋಜನ್ ಬಿಡುತ್ತವೆ. ಅದು ಒಳಗೇ ತುಂಬಿಕೊಂಡರೆ ಒಡೆಯುವ ಕೆಲಸವೇ ಕುಂಟುತ್ತದೆ. ಊಟದ ಮನೆಯಲ್ಲಿ ಎಲೆ ಎತ್ತುವವರು ಬರದಿದ್ದರೆ ಮುಂದಿನ ಪಂಕ್ತಿ ಕೂರುವುದು ಹೇಗೆ? ಈ ಚಿಕ್ಕವು ಎಲೆ ಎತ್ತುವವು. ಹೈಡ್ರೋಜನ್ನೇ ಅವುಗಳ ಊಟ. ಉಂಡು ಅವು ಬಿಡುವುದು ಮೀಥೇನ್. ಹಸು ಅದನ್ನು ತೇಗಿ ಹೊರಹಾಕುತ್ತದೆ.

ಇವು ಬ್ಯಾಕ್ಟೀರಿಯಾ ಕೂಡ ಅಲ್ಲವಂತೆ, ಆರ್ಕಿಯಾ ಎಂಬ ಬೇರೆಯದೇ ವಂಶ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ತುಂಬುವ ಮೊದಲೇ ಇದ್ದ ವಂಶ. ನಾವು ಉಸಿರಾಡುವ ಗಾಳಿಯೇ ಅವಕ್ಕೆ ವಿಷ. ಹಾಗಾಗಿ ಗಾಳಿಯಿಲ್ಲದ ಕೆಸರಿನಲ್ಲಿ, ದನಕರುಗಳ ಹೊಟ್ಟೆಯ ಕತ್ತಲಲ್ಲಿ ಉಳಿದುಕೊಂಡಿವೆ. ನನ್ನ ಕೈಯಲ್ಲಿದ್ದ ಫ್ಲಾಸ್ಕನ್ನು ನೋಡಿಕೊಂಡೆ. ಮುಚ್ಚಳವನ್ನು ಇನ್ನೊಮ್ಮೆ ಬಿಗಿದೆ.

ಹಸುವಿನ ತೇಗಿನಿಂದ ಭೂಮಿ ಬಿಸಿಯಾಗುತ್ತಿದೆ ಎಂದು ಪೇಪರಿನಲ್ಲಿ ನೀವೂ ಓದಿರುತ್ತೀರಿ. ಅದು ಸುಳ್ಳಲ್ಲ, ಆ ಮೀಥೇನ್ ಇದೇ. ಆದರೆ ಅವತ್ತು ಕೊಟ್ಟಿಗೆಯಲ್ಲಿ ನಾವೆಲ್ಲ ಕಾಯುತ್ತಿದ್ದದ್ದು ಆ ಒಂದು ತೇಗಿಗೇ.

ಅದಕ್ಕೂ ಮೊದಲು ದೊಡ್ಡಮ್ಮನನ್ನು ದಾಟಬೇಕಿತ್ತು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು, ಆಗಷ್ಟೇ ಪೂಜೆ ಮುಗಿಸಿದ್ದರು.

"ಎಲ್ಲಿಂದ ತಂದ್ಯೇ?"

ಸುಳ್ಳು ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ. ದೊಡ್ಡಮ್ಮ ಸೆರಗನ್ನು ಮೂಗಿಗೆ ಹಿಡಿದರು. "ಹೆಪ್ಪು ಕೇಳೋಕೆ ಆ ಅಂಗಡಿಗೆ ಹೋಗಿದ್ಯಾ? ಕುರಿ ಕೊಯ್ದು ತೆಗೆದದ್ದನ್ನ ನಮ್ಮ ಬೆಳ್ಳಿ ಬಾಯಿಗೆ ಹುಯ್ಯೋದಾ? ಡಾಕ್ಟ್ರೇ, ಅದ್ರಲ್ಲಿ ಮಾಂಸ ಇದೆಯಾ?"

"ಇಲ್ಲಮ್ಮ. ಬರೀ ಹುಲ್ಲು, ಸೊಪ್ಪು. ಕುರಿ ನಿಮಗಿಂತ ಕಟ್ಟುನಿಟ್ಟು ಸಸ್ಯಾಹಾರಿ. ಮೊಸರು ಕೂಡ ಮುಟ್ಟಲ್ಲ."

ದೊಡ್ಡಮ್ಮ ನಗಲಿಲ್ಲ. ಬೆಳ್ಳಿಯನ್ನೇ ನೋಡುತ್ತ ನಿಂತರು. ಅದರ ಕಣ್ಣು ಗುಳಿಬಿದ್ದಿತ್ತು, ಮೂತಿ ಒಣಗಿತ್ತು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಕೂತು, ಬೆಳ್ಳಿಯ ಮುಖವನ್ನು ತಾವೇ ಎತ್ತಿ ಹಿಡಿದರು. "ಹಾಕಿ."

ಪೈಪ್ ಇಳಿಯಿತು. ಫ್ಲಾಸ್ಕ್ ಎರಡೂ ಖಾಲಿಯಾದವು. ದೊಡ್ಡಮ್ಮನ ಕೈಮೇಲೆಲ್ಲ ಹಸಿರು ಸುರಿಯಿತು, ಒರೆಸಿಕೊಳ್ಳಲಿಲ್ಲ.

ಆ ದಿನ ಏನೂ ಆಗಲಿಲ್ಲ. ನಾನು ಅಲ್ಲೇ ಉಳಿದೆ. ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿ ದೊಡ್ಡಮ್ಮ ಬೆಳ್ಳಿಯ ಕತ್ತಿನ ಕೆಳಗೆ ಇಳಿಬಿದ್ದ ಗಂಗೆದೊಗಲು ಸವರುತ್ತ ಕೂತಿದ್ದರು. ಬೆಳ್ಳಿಯ ಎಡ ಪಕ್ಕೆ ನಿಧಾನಕ್ಕೆ ಉಬ್ಬಿತು, ಇಳಿಯಿತು. ಕತ್ತಿನೊಳಗೆ ಏನೋ ಮೇಲೆ ಹತ್ತಿದ ಹಾಗಾಯಿತು. ದೊಡ್ಡಮ್ಮನ ಮುಖಕ್ಕೇ ನೇರವಾಗಿ, ಉದ್ದಕ್ಕೆ, ಕೊಳೆತ ಹುಲ್ಲಿನ ನಾತದ ಒಂದು ತೇಗು ಬಂತು.

ದೊಡ್ಡಮ್ಮ ಮುಖ ತಿರುಗಿಸಲಿಲ್ಲ. ಕಣ್ಣು ಮುಚ್ಚಿಕೊಂಡರು, ಅಷ್ಟೇ. ಸ್ವಲ್ಪ ಹೊತ್ತಿಗೆ ಬೆಳ್ಳಿಯ ದವಡೆ ಒಂದು ಕಡೆಗೆ ಸರಿಯಿತು, ಮತ್ತೆ ಇನ್ನೊಂದು ಕಡೆಗೆ. ಮೆಲುಕು.

ನಾನು ಅಳುತ್ತಿದ್ದೆ. ದೊಡ್ಡಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ನಮ್ಮ ಬೆಳ್ಳಿಗೆ ಜೀವ ಕೊಟ್ವಲ್ಲ, ಆ ಕುರಿಗಳು ಎಲ್ಲಿ ಮೇಯ್ತಿದ್ವಂತೆ, ಕೇಳಿದ್ಯೇನೇ?"